ಹಳೆಯ ಮಡಿಗಳ ಹದ



ನಾಸಿಕ, ಛತ್ರಪತಿ ಸಂಭಾಜಿನಗರಗಳಲ್ಲಿ ನಾವು ಬಾಡಿಗೆಗೆ ಹಿಡಿಯುವ ಮನೆಗಳ ಹಿತ್ತಿಲಲ್ಲಿ ಹಿಂದಿನವರು ಬಿಟ್ಟುಹೋದ ಏರುಮಡಿಗಳು ಅಲ್ಲಲ್ಲಿ ಸಿಗುತ್ತವೆ. “ಯಾವಾಗ ವರ್ಗವಾದೀತೋ, ಯಾರಿಗಾಗಿ ಅಗೆಯುವುದು?” ಎಂದು ಅವನ್ನು ಹುಲ್ಲಿಗೆ ಬಿಡುತ್ತೇವೆ. ಮೆಂತೆಪಲ್ಯಕ್ಕೆ ಒಂದು ತಿಂಗಳು ಸಾಕು. ಅಷ್ಟರಲ್ಲಿ ಹುಕುಂ ಬಂದರೂ ಒಂದು ಕೊಯ್ಲು ನಮ್ಮದೇ.

1956ರವರೆಗೆ ಸಂಭಾಜಿನಗರವೂ, ಅಂದರೆ ಆಗಿನ ಔರಂಗಾಬಾದೂ, ನಮ್ಮ ಕಲಬುರ್ಗಿಯೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಮಣ್ಣಂತೂ ಇಂದಿಗೂ ಹೆಚ್ಚಾಗಿ ಅದೇ ಎರೆಮಣ್ಣು: ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಹಸಿಯಿದ್ದಾಗ ಅಗೆದರೆ ಹೆಂಟೆಗಳು ಒಣಗಿ ಇಟ್ಟಿಗೆಯಂತಾಗುತ್ತವೆ. ಆದ್ದರಿಂದ ಮಳೆ ನಿಂತ ಮೇಲೆ ಒಂದು ಹಿಡಿ ಮಣ್ಣು ಹಿಸುಕಿ ನೋಡಬೇಕು. ಉಂಡೆ ಬೆರಳು ತಾಗಿಸಿದೊಡನೆ ಉದುರಿದರೆ ಹದ ಬಂದಿದೆ. ಕೈಗೆ ಅಂಟಿದರೆ ಇನ್ನೆರಡು ದಿನ ತಾಳಬೇಕು. ರವಿವಾರ ಒಂದೇ ರಜೆಯವರಿಗೆ ಇದು ಕಷ್ಟವೇ, ಆದರೂ ತಾಳಬೇಕು.

ಗರಿಕೆ, ಜೇಕುಗಳನ್ನು ಮೇಲೆ ಕೊಯ್ದರೆ ಸಾಲದು. ಜೇಕಿನ ಒಂದು ಗಡ್ಡೆ ಉಳಿದರೂ ಮತ್ತೆ ಹಬ್ಬುತ್ತದೆ, ಕೈಯಿಂದಲೇ ಆಯಬೇಕು. ಕುಸಿದ ಮಡಿಯನ್ನು ಅರ್ಧ ಅಡಿ ಏರಿಸಬೇಕು. ಅಗಲ 4 ಅಡಿ ಮೀರಬಾರದು, ಮೀರಿದರೆ ನಡುವೆ ಕಾಲಿಡಬೇಕಾಗುತ್ತದೆ. 10 ಅಡಿ ಉದ್ದದ ಮಡಿಗೆ ಎರಡು ಬುಟ್ಟಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ ಸಾಕು. ಹಸಿ ಸೆಗಣಿ ಬೇಡ. ಗೊಬ್ಬರದ ಹುಳುವನ್ನು ನಾವೇ ಕರೆದಂತಾಗುತ್ತದೆ.

ಕಿತ್ತ ಹಳೆಯ ಬದನೆಯ ಬೇರಿನಲ್ಲಿ ಗಂಟುಗಳಿದ್ದರೆ ಅದು ಕಣ್ಣಿಗೆ ಕಾಣದ ಜಂತುವಿನ ಕೆಲಸ. ಅಲ್ಲಿ ಮತ್ತೆ ಬದನೆ, ಟೊಮೆಟೊ, ಮೆಣಸಿನಗಿಡ ಹಚ್ಚದೆ ಚೆಂಡುಹೂವು ಬೆಳೆಯೋಣ. ಉಳಿದೆಡೆ ಮೆಂತೆ, ಬರುವ ಮಳೆಗಾಲಕ್ಕೆ ಪುಂಡಿ. ಅದನ್ನೇ ಮರಾಠಿ ನೆರೆಯವರು ಅಂಬಾಡಿ ಎನ್ನುತ್ತಾರೆ, ಬೀಜವನ್ನು ಅವರಲ್ಲಿಯೇ ಕೇಳಬಹುದು.