ಕುಸ್ತಿಯ ಕುಲಗೋತ್ರ

ನದೀಮೂಲ, ಋಷಿಮೂಲಗಳನ್ನು ಕೇಳಬಾರದೆಂದು ಹಿರಿಯರು ಹೇಳಿದ್ದಾರೆ. ವಿದ್ಯೆಯ ಮೂಲವನ್ನು ಕೇಳಬಾರದೆಂದು ಮಾತ್ರ ಯಾರೂ ಹೇಳಿದಂತಿಲ್ಲ. ಆ ಧೈರ್ಯದ ಮೇಲೆ, ನಮ್ಮ ಬೈಲಹೊಂಗಲ ಸೀಮೆಯ ಗರಡಿಮನೆಗಳಲ್ಲಿ ಕಲಿಸುವ ಕುಸ್ತಿಯ ವಿದ್ಯೆ ಎಲ್ಲಿಂದ ಬಂದಿತೆಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಿಸೋಣ. ನಾನು ಪೈಲವಾನನಲ್ಲ, ಕನ್ನಡ ಕಲಿಸಿ ನಿವೃತ್ತನಾದವನು. ಆದುದರಿಂದ ಗರಡಿಯ ಮಾತುಗಳನ್ನೇ ಸಾಕ್ಷಿಗೆ ಕರೆಯುತ್ತೇನೆ.

ಈ ವಿಚಾರ ಬರಿಯ ಪಂಡಿತರ ಕುತೂಹಲವಲ್ಲ. ಈಚೆಗೆ ಜಾತ್ರೆಯೊಂದರ ಕುಸ್ತಿಯ ಕಣದಲ್ಲಿ ಭಾಷಣಕಾರರೊಬ್ಬರು, ಭೀಮ-ಜರಾಸಂಧರ ಮಲ್ಲಯುದ್ಧವೇ ಎಳ್ಳಷ್ಟೂ ಬೆರಕೆಯಾಗದೆ ನಮ್ಮವರೆಗೆ ಬಂದಿದೆಯೆಂದೂ, ‘ವಸ್ತಾದ’ ಮೊದಲಾದ ಪರಕೀಯ ಶಬ್ದಗಳನ್ನು ಇನ್ನು ಗರಡಿಯಿಂದ ಹೊರಹಾಕಬೇಕೆಂದೂ ಸಾರಿದರು. ಅವರ ಬೆನ್ನ ಹಿಂದೆ ಕಟ್ಟಿದ್ದ ಬಟ್ಟೆಯ ಮೇಲೆ ‘ಜಂಗೀ ನಿಕಾಲಿ ಕುಸ್ತಿಗಳು’ ಎಂದು ದೊಡ್ಡಕ್ಷರಗಳಲ್ಲಿ ಬರೆದಿತ್ತು. ಆ ಮೂರರಲ್ಲಿ ‘ಜಂಗೀ’ ಮತ್ತು ‘ಕುಸ್ತಿ’ ಪಾರಸಿಯವು. ‘ನಿಕಾಲಿ’ ಮರಾಠಿ-ಹಿಂದಿಗಳ ಕಡೆಯದು. ಹೊರಹಾಕುವ ಕೆಲಸವನ್ನು ಎಲ್ಲಿಂದ ಆರಂಭಿಸಬೇಕು?

ಪ್ರಾಚೀನತೆಯ ಮಾತು ಸುಳ್ಳೆಂದು ನಾನು ಹೇಳುತ್ತಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಪ್ರಕರಣವೇ ಇದೆ. ಮಲ್ಲರನ್ನು ವಯಸ್ಸು-ಬಲಗಳ ಮೇಲೆ ವಿಂಗಡಿಸುವ ಕ್ರಮ, ಅವರಿಗೆ ಕೊಡಬೇಕಾದ ಆಹಾರ, ತೂಕ ಎತ್ತುವ ಭಾರಶ್ರಮ, ಈಜುವ ಸಲಿಲಶ್ರಮ, ಕಂಬದ ಮೇಲೆ ಮಾಡುವ ಸ್ತಂಭಶ್ರಮ, ಎಲ್ಲವೂ ಅಲ್ಲಿ ಬಂದಿವೆ. ಆ ಕಾಲಕ್ಕೆ ನಮ್ಮ ಸವದತ್ತಿಯಲ್ಲಿ ಚಾಲುಕ್ಯರ ಮಾಂಡಲಿಕರಾದ ರಟ್ಟರು ಆಳುತ್ತಿದ್ದರು. ‘ಗರಡಿ’ ಎಂಬುದೂ ಹಳೆಯ ಮಾತೇ. ಆಯುಧಾಭ್ಯಾಸದ ಸ್ಥಳವೆಂದು ಅದರ ಅರ್ಥ. ತುಳುನಾಡಿನಲ್ಲಿ ಅದೇ ಶಬ್ದ ಕೋಟಿ-ಚೆನ್ನಯರ ಗುಡಿಗಳಿಗೆ ನಿಂತಿದೆ. ಕಣದ ಕೆಮ್ಮಣ್ಣಿಗೆ ಹೇಳುವ ‘ಮಟ್ಟಿ’ ಸಂಸ್ಕೃತದ ಮೃತ್ತಿಕೆಯಿಂದ ಪ್ರಾಕೃತದ ದಾರಿ ಹಿಡಿದು ಬಂದದ್ದು, ‘ಪಟ್ಟು’ ನಮ್ಮದೇ.

ಆದರೆ ಪಟ್ಟು ಹಾಕುವವನು ಪೈಲವಾನ. ಅವನು ಇರಾನದ ವೀರಕಥೆಗಳ ಪೆಹ್ಲವಾನ. ಅವನಿಗೆ ಕಲಿಸುವವನು ವಸ್ತಾದ, ಅಂದರೆ ಪಾರಸಿಯ ಉಸ್ತಾದ. ಅವನು ಮಾಡುವ ಕಸರತ್ತಿನ ಹೆಸರು ಅರಬ್ಬಿಯದು. ಇರಾನದಲ್ಲಿ ಜೂರ್‌ಖಾನೆಯೆಂಬ ಬಲಸಾಧನೆಯ ಮನೆಗಳಿವೆ. ನೆಲಕ್ಕಿಂತ ತಗ್ಗಾದ ಕಣ, ಹೆಗಲ ಮೇಲೆ ತಿರುಗಿಸುವ ಮರದ ಜೋಡಿ, ಗುರುವಿನ ಮುಂದೆ ತಲೆಬಾಗುವ ರೀತಿ, ಇವನ್ನು ಕಂಡರೆ ನಮ್ಮ ಹಳ್ಳಿಯ ಹುಡುಗನಿಗೆ ಪರಸ್ಥಳವೆನಿಸದು.

ಈ ಮಾತುಗಳು ಬಂದ ಹಾದಿಯನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. 1490ರಿಂದ 1686ರವರೆಗೆ ಬಾಳಿದ ವಿಜಾಪುರದ ಆದಿಲಶಾಹಿಯ ಸೈನ್ಯದಲ್ಲಿ ಹಿರೇಮಲ್ಲ, ಚಿಕ್ಕಮಲ್ಲರೆಂಬ ಸಹೋದರರಿದ್ದರು. ಅವರಿಂದಲೇ 1585ರಲ್ಲಿ ಕಿತ್ತೂರ ದೇಸಗತಿ ಆರಂಭವಾಯಿತು. ಮಲ್ಲನೆಂಬ ಹೆಸರಿನ ಆ ಲಿಂಗಾಯತ ವೀರನ ಶೌರ್ಯಕ್ಕೆ ಸುಲ್ತಾನನು ಕೊಟ್ಟ ಬಿರುದು ‘ಶಂಶೇರ್ ಜಂಗ್ ಬಹಾದ್ದೂರ್’. ನಾವು ಇಂದು ಅಭಿಮಾನದಿಂದ ಸ್ಮರಿಸುವ ಕಿತ್ತೂರಿನ ಬುನಾದಿಯಲ್ಲಿಯೇ ಎರಡು ನುಡಿಗಳು ಕೈಹಿಡಿದು ನಿಂತಿವೆ.

ಸಂಗೊಳ್ಳಿ ರಾಯಣ್ಣನನ್ನೇ ನೋಡಿರಿ. ಅವನು ಕಿತ್ತೂರಿನ ಶೇತಸನದಿ. ಶೇತವೆಂದರೆ ಮರಾಠಿಯಲ್ಲಿ ಹೊಲ. ಸನದು ಅರಬ್ಬಿ ಮಾತು. ಚೆನ್ನಮ್ಮ ರಾಣಿ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಸಂಗೊಳ್ಳಿಯ ಗುಡಿಯಲ್ಲಿ ಅವನ ಮೂರ್ತಿಯ ಎರಡೂ ಬದಿಗೆ ಸಾಮು ಮಾಡುವ ಮರದ ಭಾರಗಳಿವೆ. ಒಂದು ರಾಯಣ್ಣನೇ ಎತ್ತಿದ್ದು, ಇನ್ನೊಂದು ಆಮೇಲೆ ಬಂದದ್ದು ಎನ್ನುತ್ತಾರೆ. ಜನರು ಎರಡಕ್ಕೂ ಕೈಮುಗಿಯುತ್ತಾರೆ.

ಅವನ ತರುವಾಯ ಗರಡಿಯೂ ಬದಲಾಯಿತು. 1878ರ ಆಯುಧ ಕಾಯಿದೆಯ ಮೇಲೆ ಪರವಾನಗಿಯಿಲ್ಲದೆ ಆಯುಧ ಹಿಡಿಯುವಂತಿರಲಿಲ್ಲ. ಆಯುಧಶಾಲೆಯಾಗಿದ್ದ ಗರಡಿಗೆ ಬರಿಗೈಯ ವಿದ್ಯೆಯೇ ಮುಖ್ಯವಾಯಿತು. ನೆರೆಯ ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು ಪೈಲವಾನರಿಗೆ ಆಶ್ರಯವಿತ್ತು, 1912ರ ಹೊತ್ತಿಗೆ ಖಾಸಬಾಗ ಮೈದಾನವನ್ನು ಕಟ್ಟಿಸಿದರು. ಇಂದು ನಾವು ಕಾಣುವ ಕುಸ್ತಿಯ ರೂಪಕ್ಕೆ ಈ ಈಚಿನ ಶತಮಾನದ ಕೈವಾಡವೂ ಸಲ್ಲುತ್ತದೆ.

ಮೂಲವನ್ನು ಶುದ್ಧಗೊಳಿಸುವ ಹಂಬಲ ನಮ್ಮೊಬ್ಬರದಲ್ಲ. ಕೊರಿಯಾದ ಟೇಕ್ವಾಂಡೋ ವಿದ್ಯೆಯನ್ನು ಈಗ ನಮ್ಮ ಪಟ್ಟಣದ ಮಕ್ಕಳೂ ಕಲಿಯುತ್ತಾರೆ. ಆ ಹೆಸರು ಹುಟ್ಟಿದ್ದು 1955ರಲ್ಲಿ. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಆಳಿಕೆಯಲ್ಲಿತ್ತು. ಜಪಾನಿನಲ್ಲಿ ಕರಾಟೆ ಕಲಿತು ಮರಳಿದವರು ಹೊಸ ಶಾಲೆಗಳನ್ನು ತೆರೆದಿದ್ದರು. ಸ್ವತಂತ್ರವಾದ ದೇಶಕ್ಕೆ ಆಳಿದವರ ಋಣ ಕಹಿಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಆದ್ದರಿಂದ ಪ್ರಾಚೀನ ಸಿಲ್ಲಾ ರಾಜ್ಯದ ಹ್ವಾರಾಂಗ್ ತರುಣರವರೆಗೆ ವಂಶಾವಳಿಯನ್ನು ಬೆಳೆಸಿದರು. ಇತ್ತ ಜಪಾನಿನವರು ಮಾಡಿದ್ದೇನು? ಓಕಿನಾವಾ ದ್ವೀಪದಿಂದ ಬಂದ ಕರಾಟೆಗೆ ಮೊದಲು ‘ಚೀನದ ಕೈ’ ಎಂಬ ಅರ್ಥದ ಲಿಪಿಯಿತ್ತು. 1930ರ ದಶಕದಲ್ಲಿ ಉಚ್ಚಾರವನ್ನು ಉಳಿಸಿಕೊಂಡು ‘ಬರಿಗೈ’ ಎಂಬ ಅರ್ಥದ ಲಿಪಿಯನ್ನು ರೂಢಿಗೆ ತಂದರು. ಇಷ್ಟಾದರೂ ಟೇಕ್ವಾಂಡೋ ತನ್ನದೇ ಆದ ಕಾಲಿನ ಹೊಡೆತಗಳನ್ನು ಬೆಳೆಸಿಕೊಂಡು, 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಪದಕದ ಆಟವಾಯಿತು. ಅದರ ಹಿರಿಮೆ ಇರುವುದು ಆ ಬೆಳವಣಿಗೆಯಲ್ಲಿ, ಜೋಡಿಸಿದ ವಂಶಾವಳಿಯಲ್ಲಲ್ಲ.

ಕೊರಿಯದವರಿಗೆ ಒಂದು ಸಮಾಧಾನವಿತ್ತು: ಅವರು ಮರೆಯಬಯಸಿದ್ದು ತಮ್ಮನ್ನು ಆಳಿದವರನ್ನು. ನಾವು ‘ವಸ್ತಾದ’ನನ್ನು ಹೊರಹಾಕಿದರೆ ಕಳೆದುಕೊಳ್ಳುವುದು ನಮ್ಮ ಓಣಿಯ ಮನುಷ್ಯನನ್ನು. ನಮ್ಮ ಸೀಮೆಯ ಗರಡಿಗಳಲ್ಲಿ ಹನುಮಂತದೇವರಿಗೆ ಊದಿನಕಡ್ಡಿ ಹಚ್ಚಿದ ಮೇಲೆಯೇ ಮಟ್ಟಿಗಿಳಿಯುವ ಮುಸಲ್ಮಾನ ವಸ್ತಾದರನ್ನು ನಾನು ಕಂಡಿದ್ದೇನೆ; ಅವರ ಕಾಲುಮುಟ್ಟಿ ಕುಸ್ತಿಗಿಳಿಯುವ ಲಿಂಗಾಯತರ, ಕುರುಬರ ಹುಡುಗರನ್ನೂ ಕಂಡಿದ್ದೇನೆ. ಅವರಿಗೆ ವಂಶಾವಳಿಯ ಗೊಡವೆಯಿರಲಿಲ್ಲ, ವಿದ್ಯೆಯ ಗೊಡವೆಯಿತ್ತು.

ಶಬ್ದವೊಂದನ್ನು ಹೊರಹಾಕುವುದು ಸುಲಭ. ಆದರೆ ಅದರ ಹಿಂದೆಯೇ, ಅದನ್ನು ಹೊತ್ತು ತಂದವನೂ ಹೊಸ್ತಿಲು ದಾಟಿ ಹೋಗಬೇಕಾಗುತ್ತದೆ. ಮಾನಸೋಲ್ಲಾಸದ ಮಲ್ಲನೂ ನಮ್ಮವನು, ಇರಾನದ ಹೆಸರನ್ನು ಹೊತ್ತ ಪೈಲವಾನನೂ ನಮ್ಮವನು. ಇಬ್ಬರನ್ನೂ ಹಿರಿಯರೆಂದು ಒಪ್ಪಿಕೊಳ್ಳುವ ಗರಡಿಗೆ ಬಲ ಹೆಚ್ಚೇ ಹೊರತು ಕಡಿಮೆಯಲ್ಲ.