ಸಂಸ್ಥೆಯ ಹಾಸು-ಹೊಕ್ಕು

(ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಉಪಾಧ್ಯಾಯರೂ ವರ್ತಕರೂ ನೆರೆದಿದ್ದ ಸಭೆಯಲ್ಲಿ ಮಾಡಿದ ಭಾಷಣ)



ವ್ಯಾಪಾರದ ಪರಿಸರ, ಸರಕಿನ ಗುಣ, ಕೆಲಸಗಾರರ ಸಂಸ್ಕಾರ ಇವು ಒಂದು ಸಂಸ್ಥೆಯನ್ನು ಹೇಗೆ ರೂಪಿಸುತ್ತವೆಂಬ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಅಪ್ಪಣೆ ಕೊಡಿಸಿದ್ದೀರಿ. ನಾವು ವರ್ತಕರಲ್ಲ, ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿಯುವ ಕಸುಬಿನವರು. ಆದರೆ ಮುರಿದುಬಿದ್ದ ಸಂಸ್ಥೆಗಳ ಲೆಕ್ಕಪತ್ರಗಳು ಕಡೆಗೆ ಬಂದು ಸೇರುವುದು ನಮ್ಮ ಮೇಜಿನ ಮೇಲೆಯೇ. ಆದಕಾರಣ ಸಂಸ್ಥೆಗಳು ಯಾವುದರ ಬಲದಿಂದ ನಿಲ್ಲುತ್ತವೆಂದು ವಿಚಾರಮಾಡುವ ಹಕ್ಕು ನಮಗೂ ಅಷ್ಟಿಷ್ಟು ಉಂಟೆಂದು ಭಾವಿಸಿದ್ದೇವೆ.

ನಾವು ಈಗ ಕುಳಿತಿರುವ ಪ್ರದೇಶದ ಹೆಸರನ್ನೇ ನೋಡಿರಿ. ದಂಡು ಬೀಡುಬಿಟ್ಟದ್ದರಿಂದ ಇದು ಕಂಟೋನ್ಮೆಂಟಾಯಿತು. ದಂಡಿಗೆ ಉಡುಪು ಬೇಕು. ಉಡುಪಿಗೆ ಸಿಂಪಿಗರು ಬೇಕು. ಇಂದು ಬಳ್ಳಾರಿಗೆ ಹೆಸರು ತಂದಿರುವ ಜೀನ್ಸ್ ಹೊಲಿಗೆಯ ಬೇರು ಆ ದಂಡಿನ ಹೊಲಿಗೆಯಲ್ಲಿದೆಯೆಂಬ ಮಾತು ಊರಿನಲ್ಲಿ ಪ್ರಚಲಿತವಾಗಿದೆ. ಆಂಗ್ಲರ ದಂಡು ಹೊರಟುಹೋಯಿತು, ಹೊಲಿಗೆ ಉಳಿಯಿತು. ಪರಿಸರವು ಕಸುಬನ್ನು ಹುಟ್ಟಿಸಬಲ್ಲದು. ಆದರೆ ಹುಟ್ಟಿಸಿದ ಪರಿಸರವೇ ಇಲ್ಲವಾದ ಮೇಲೂ ಕಸುಬು ಉಳಿಯಬೇಕಾದರೆ ಬೇರೆ ಆಧಾರ ಬೇಕು. ಆ ಆಧಾರ ಯಾವುದು? ಇದನ್ನು ಅರಿಯಲು ನೂಲು-ಬಟ್ಟೆಯ ಕಸುಬಿನದೇ ಆದ ಇನ್ನೊಂದು ಸಂಸ್ಥೆಯನ್ನು, ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವನ್ನು, ತಮ್ಮ ಮುಂದೆ ಇಡುತ್ತೇವೆ.

ನಮ್ಮ ಬಳ್ಳಾರಿಯು 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿತು; 1956ರ ನವೆಂಬರ್ 1ರಂದು ಕನ್ನಡ ಪ್ರಾಂತಗಳು ಒಂದಾದುವು. ಸರಿಯಾಗಿ ಒಂದು ವರ್ಷದ ತರುವಾಯ, 1957ರ ನವೆಂಬರ್ 1ರಂದು, ನಾಡಿನ ಖಾದಿ ಸಂಸ್ಥೆಗಳನ್ನು ಒಂದೇ ಸೂತ್ರಕ್ಕೆ ತರುವ ಉದ್ದೇಶದಿಂದ ಈ ಸಂಘವು ಹುಟ್ಟಿತು. ವೆಂಕಟೇಶ ಮಾಗಡಿಯವರು ಇದರ ಮೊದಲ ಅಧ್ಯಕ್ಷರು. ಈ ಶತಮಾನದ ಮೊದಲ ದಶಕದಲ್ಲಿ ಭಾರತೀಯ ಮಾನಕ ಬ್ಯೂರೋದ ಮನ್ನಣೆಯನ್ನು ಪಡೆದು, ಇದು ರಾಷ್ಟ್ರಧ್ವಜವನ್ನು ಸಿದ್ಧಪಡಿಸುವ ಸಂಸ್ಥೆಯೆಂದು ದೇಶದಲ್ಲೆಲ್ಲ ಹೆಸರಾಯಿತು. ಬಹುಕಾಲ ಇಂಥ ಮನ್ನಣೆಯುಳ್ಳ ಸಂಸ್ಥೆ ದೇಶದಲ್ಲಿ ಇದೊಂದೇ ಆಗಿತ್ತು.

ಮೊದಲು ಗುಣದ ಮಾತು. ನಮ್ಮ ದೇಶದಲ್ಲಿ ಇಂದು ಸಿಮೆಂಟಿಗೂ ಉಕ್ಕಿಗೂ ಕುಡಿಯುವ ನೀರಿಗೂ ಮಾನಕಗಳುಂಟು. ಅವುಗಳ ಪಟ್ಟಿಯಲ್ಲಿ ಒಂದನೆಯ ಅಂಕೆ ಯಾವುದಕ್ಕೆ ಸಂದಿದೆಯೆಂದು ಬಲ್ಲಿರಾ? ರಾಷ್ಟ್ರಧ್ವಜಕ್ಕೆ. ಸ್ವತಂತ್ರ ಭಾರತವು ತನ್ನ ಸರಕಿಗೆ ಅಳತೆಗೋಲನ್ನು ಹಿಡಿಯಲು ತೊಡಗಿದಾಗ ತನ್ನ ಧ್ವಜವನ್ನೇ ಮೊದಲು ಅಳೆಯಿತು. ಉದ್ದಕ್ಕೂ ಅಗಲಕ್ಕೂ 3:2ರ ಪ್ರಮಾಣ. 6300ಕ್ಕೆ 4200 ಮಿಲಿಮೀಟರಿನಿಂದ ಹಿಡಿದು ಮೇಜಿನ ಮೇಲಿಡುವ 150ಕ್ಕೆ 100ರ ತನಕ ಒಂಬತ್ತು ಗಾತ್ರಗಳು. ಚಕ್ರಕ್ಕೆ 24 ಅರಗಳು, ಅದು ಎರಡೂ ಮಗ್ಗುಲಿಗೆ ಸ್ಪಷ್ಟವಾಗಿ ಕಾಣತಕ್ಕದ್ದು. ಬಣ್ಣದ ಛಾಯೆ, ನೂಲಿನ ಎಣಿಕೆ, ಬಟ್ಟೆಯ ಬಿಗಿ ಇವೆಲ್ಲಕ್ಕೂ ನಿಯಮವುಂಟು. ನೂಲುವುದು, ನೇಯುವುದು, ಬಣ್ಣ ಹಾಕುವುದು, ಕತ್ತರಿಸುವುದು, ಚಕ್ರವನ್ನು ಅಚ್ಚೊತ್ತುವುದು, ಹೊಲಿಯುವುದು, ಹಗ್ಗ ಕೂಡಿಸುವುದು, ಹೀಗೆ ಕೈಯಿಂದ ಕೈಗೆ ಸಾಗುವ ಕೆಲಸದಲ್ಲಿ ಯಾವ ಹಂತದಲ್ಲಿ ತಪ್ಪಿದರೂ ಮುಂದಿನ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆಯೇ.

ಆದರೆ ಮಹಾಶಯರೆ, ಪರೀಕ್ಷಕನು ಮಾದರಿಯನ್ನು ನೋಡುತ್ತಾನೆ. ಪ್ರತಿಯೊಂದು ಎಳೆಯನ್ನೂ ನೋಡಲಾರನು. ಆತನು ನೋಡದ ಎಳೆಯನ್ನು ಕಾಯುವವರು ಯಾರು? ನೂಲುವವಳ ಕೈ. ಬೆಂಗೇರಿಯಲ್ಲಿ ದುಡಿಯುವವರಲ್ಲಿ ಹೆಂಗಸರೇ ಬಹುಮಂದಿ. ಯಾರೂ ಕಾಣದಿರುವಾಗಲೂ ಕೆಲಸವನ್ನು ಸರಿಯಾಗಿಯೇ ಮಾಡುವ ರೂಢಿಗೆ ನಾವು ಸಂಸ್ಕಾರವೆಂದು ಹೆಸರಿಡುತ್ತೇವೆ. ಅದು ಸುತ್ತೋಲೆಯಿಂದ ಬರತಕ್ಕ ವಸ್ತುವಲ್ಲ. ಸಂಸ್ಥೆಯು ಕೆಲಸಗಾರರನ್ನು ನಡೆಸಿಕೊಳ್ಳುವ ಬಗೆಯಿಂದ ಅದು ಬೆಳೆಯುತ್ತದೆ. 1925ರಲ್ಲಿ ಮಹಾತ್ಮರು ಸ್ಥಾಪಿಸಿದ ಅಖಿಲ ಭಾರತ ಚರಖಾ ಸಂಘವು 1935ರಲ್ಲಿ ಒಂದು ನಿರ್ಣಯವನ್ನು ಕೈಕೊಂಡಿತು: ನೂಲುವವರಿಗೆ ಹೊಟ್ಟೆ ತುಂಬುವಷ್ಟು ಕೂಲಿಯನ್ನು ಕೊಡಲೇಬೇಕು. ಕೂಲಿ ಹೆಚ್ಚಿದರೆ ಖಾದಿಯ ಬೆಲೆಯೂ ಏರುವುದು, ಗಿರಣಿಯ ಬಟ್ಟೆಯ ಇದಿರಿಗೆ ನಿಲ್ಲುವುದು ಮತ್ತಷ್ಟು ಕಠಿಣವಾಗುವುದು. ಇದು ಅವರಿಗೆ ತಿಳಿಯದ್ದೇನಲ್ಲ. ತಿಳಿದೂ ಹಾಗೆ ಮಾಡಿದರು. ಅರೆಹೊಟ್ಟೆಯವಳಿಂದ ಒಳ್ಳೆಯ ನೂಲನ್ನು ಬೇಡುವುದು ನ್ಯಾಯವಲ್ಲವೆಂಬುದೇ ಆ ನಿರ್ಣಯದ ತಿರುಳು.

ಇನ್ನು ಪರಿಸರ. ಇಲ್ಲಿ ನಮ್ಮ ಕಸುಬಿನ ಮಾತು ಬರುತ್ತದೆ. 2002ರ ಜನವರಿ 26ರಂದು ಜಾರಿಗೆ ಬಂದ ಧ್ವಜಸಂಹಿತೆಯು, ಧ್ವಜವು ಕೈಯಿಂದ ನೂತು ಕೈಯಿಂದ ನೆಯ್ದ ಬಟ್ಟೆಯದೇ ಆಗಿರತಕ್ಕದ್ದೆಂದು ವಿಧಿಸಿತ್ತು. 2004ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಗೌರವಪೂರ್ವಕವಾಗಿ ಧ್ವಜವನ್ನು ಹಾರಿಸುವುದು ಪ್ರಜೆಯ ಮೂಲಭೂತ ಹಕ್ಕೆಂದು ಸಾರಿತು. ಹಾರಿಸುವ ಹಕ್ಕು ಎಲ್ಲರದು, ನೇಯುವ ಕೆಲಸ ಮಾತ್ರ ಖಾದಿಯದು. ಇದಕ್ಕಿಂತ ಅನುಕೂಲವಾದ ಪರಿಸರವು ಬೇರೊಂದುಂಟೆ? ಆದರೆ 2021ರ ಡಿಸೆಂಬರ್ 30ರ ತಿದ್ದುಪಡಿಯು ಯಂತ್ರದಲ್ಲಿ ಮಾಡಿದ ಧ್ವಜಕ್ಕೂ ಪಾಲಿಯೆಸ್ಟರ್ ಬಟ್ಟೆಗೂ ಅನುಮತಿಯನ್ನಿತ್ತಿತು. 2022ರ ಆಗಸ್ಟಿನಲ್ಲಿ ಮನೆಮನೆಯಲ್ಲೂ ಧ್ವಜವನ್ನು ಹಾರಿಸುವ ಅಭಿಯಾನವು ನಡೆಯಿತು. ಆ ತಿಂಗಳಲ್ಲೇ ಪಾಲಿಯೆಸ್ಟರ್ ಧ್ವಜಕ್ಕೂ ತೆರಿಗೆಯಿಲ್ಲವೆಂದು ಸರಕಾರವು ಸ್ಪಷ್ಟಪಡಿಸಿತು. ದೇಶದಲ್ಲಿ ಧ್ವಜಕ್ಕೆ ಹಿಂದೆಂದೂ ಇಲ್ಲದಷ್ಟು ಬೇಡಿಕೆ ಬಂದ ಆ ವರ್ಷವೇ, ಬೆಂಗೇರಿಯವರು ತಮ್ಮ ಅನ್ನವು ಹೋಗುತ್ತದೆಂದು ಪ್ರತಿಭಟನೆಗೆ ಕೂಡಬೇಕಾಯಿತು!

ಇಲ್ಲಿ ನಾವು ಎರಡೂ ಕಡೆಯ ವಾದವನ್ನು ಕೇಳತಕ್ಕದ್ದು. ಬಡವನ ಮನೆಯ ಮೇಲೂ ಧ್ವಜ ಹಾರಬೇಕಾದರೆ ಅದು ಅಗ್ಗವಾಗಿರಬೇಕು. ಕೋಟಿಗಟ್ಟಲೆ ಧ್ವಜಗಳನ್ನು ಕೈಮಗ್ಗವೊಂದೇ ಒದಗಿಸಲಾರದು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಅಗ್ಗದ ಧ್ವಜವು ದೊರೆತೀತೆಂದು ಮಾನಕವಿರುವ ಧ್ವಜವನ್ನು ನೇಯುವವಳು ಮಗ್ಗವನ್ನು ಬಿಟ್ಟೆದ್ದರೆ, ಆ ಕೈಯ ರೂಢಿಯನ್ನು ಮರಳಿ ತರುವ ಬಗೆ ಹೇಗೆ? ಒಂದು ಸುಗ್ರೀವಾಜ್ಞೆಯಿಂದ ಪರಿಸರವು ಒಂದೇ ದಿನದಲ್ಲಿ ಬದಲಾದೀತು. ಗುಣವನ್ನು ನಿಯಮ ಬರೆದು ಒಂದೆರಡು ವರ್ಷಗಳಲ್ಲಿ ಸಾಧಿಸಬಹುದು. ಸಂಸ್ಕಾರಕ್ಕೆ ಒಂದು ತಲೆಮಾರು ಬೇಕು. ಕಳೆದರೆ ಮತ್ತೊಂದು ತಲೆಮಾರು ಬೇಕು. ಆದಕಾರಣ ಈ ಮೂರರಲ್ಲಿ ನಾವು ಹೆಚ್ಚು ಎಚ್ಚರದಿಂದ ಕಾಯತಕ್ಕದ್ದು ಸಂಸ್ಕಾರವನ್ನು.

ಹಾಗೆಂದು ಸಂಸ್ಥೆಗಳು ಕೈಕಟ್ಟಿ ಕುಳಿತಿರಬೇಕೆಂದು ನಮ್ಮ ಅಭಿಪ್ರಾಯವಲ್ಲ. ಕಾನೂನಿನ ಗೋಡೆಯ ನೆರಳಿನಲ್ಲಿ ಬೆಳೆದ ಗಿಡವು ಗೋಡೆ ಬಿದ್ದ ದಿನ ಬಾಡುತ್ತದೆ. ಆಗಸ್ಟ್ 15 ಹಾಗೂ ಜನವರಿ 26ರ ಬೇಡಿಕೆಯನ್ನೇ ನೆಚ್ಚಿರುವ ಸಂಸ್ಥೆಯು ಉಳಿದ ತಿಂಗಳುಗಳಿಗೆ ದಾರಿಯನ್ನು ಹುಡುಕಿಕೊಳ್ಳಬೇಕು. ತನ್ನ ಬಟ್ಟೆಯಲ್ಲಿ ಏನಿದೆ, ಅದಕ್ಕೆ ಇಷ್ಟು ಬೆಲೆ ಏಕೆ, ಅದರಲ್ಲಿ ನೂಲುವವಳ ಪಾಲೆಷ್ಟು, ಇದನ್ನು ಕೊಳ್ಳುವವನಿಗೆ ಬಿಡಿಸಿ ಹೇಳಬೇಕು. ಗುಣವನ್ನು ಅರಿಯದ ಗಿರಾಕಿಗೆ ಬೆಲೆಯೊಂದೇ ಕಾಣುತ್ತದೆ. ಆ ತಪ್ಪು ಗಿರಾಕಿಯದೊಂದೇ ಅಲ್ಲ.

ಬಳ್ಳಾರಿಯ ವರ್ತಕ ಬಂಧುಗಳೆ, ಈ ಪಾಠವು ತಮಗೂ ಸಲ್ಲುತ್ತದೆ. ತಮ್ಮ ಸಿಂಪಿಗರ ಕೈಚಳಕಕ್ಕೆ ಕೊರತೆಯಿಲ್ಲ. ಆದರೆ ಒಂದೊಂದು ಅಂಗಡಿಯೂ ತನ್ನ ತನ್ನ ಅಳತೆಯನ್ನೇ ಹಿಡಿದು ಕುಳಿತರೆ ಊರಿಗೆ ಹೆಸರು ನಿಲ್ಲುವುದೆ? ಎಲ್ಲರೂ ಕೂಡಿ ಹೊಲಿಗೆಗೂ ಬಣ್ಣಕ್ಕೂ ಒಂದು ಮಾನಕವನ್ನು ಗೊತ್ತುಪಡಿಸಿರಿ. ಜೀನ್ಸ್ ತೊಳೆದ ಬಣ್ಣದ ನೀರು ಯಾರ ಹೊಲಕ್ಕೆ, ಯಾರ ಬಾವಿಗೆ ಹರಿಯುತ್ತದೆಂಬುದನ್ನೂ ಗುಣದ ಲೆಕ್ಕದಲ್ಲಿಯೇ ಬರೆದುಕೊಳ್ಳಿರಿ. ಅಧಿಕಾರಿಯು ಬಂದು ಬೀಗ ಹಾಕುವ ತನಕ ಕಾಯುವುದು ಜಾಣತನವಲ್ಲ. ಹೊಲಿಯುವವನ ಕೂಲಿಯನ್ನು ಕಡಿದು ಗಳಿಸಿದ ಅಗ್ಗವನ್ನು, ಅವನಿಗಿಂತಲೂ ಅಗ್ಗವಾಗಿ ಹೊಲಿಯುವ ಇನ್ನೊಂದು ಊರು ನಾಳೆಯೇ ಕಸಿದುಕೊಂಡೀತು. ನಂಬಿಕೆಯನ್ನು ಹಾಗೆ ಕಸಿಯಲು ಬಾರದು.

ಉಪಾಧ್ಯಾಯ ಮಹನೀಯರಲ್ಲಿ ಒಂದು ಬಿನ್ನಹ. ತಮ್ಮ ಶಾಲೆಯ ಕಂಬಕ್ಕೆ ಏರಿಸುವ ಧ್ವಜವೊಂದನ್ನಾದರೂ ಖಾದಿಯದನ್ನೇ ತರಿಸಿರಿ. ಅದನ್ನು ಏರಿಸುವ ಮುನ್ನ ಮಕ್ಕಳ ಕೈಗೆ ಕೊಡಿರಿ. ಎಳೆಗಳನ್ನು ಎಣಿಸಲಿ, ಹೊಲಿಗೆಯನ್ನು ಮುಟ್ಟಿ ನೋಡಲಿ, ಚಕ್ರವು ಎರಡೂ ಮಗ್ಗುಲಿಗೆ ಒಂದೇ ಕಡೆ ಕುಳಿತಿದೆಯೇ ಎಂದು ಬೆಳಕಿಗೆ ಹಿಡಿದು ಪರೀಕ್ಷಿಸಲಿ. ಅದನ್ನು ನೂತವಳು ಎಲ್ಲಿಯವಳು, ಅವಳಿಗೆ ದಿನಕ್ಕೆ ಎಷ್ಟು ದೊರೆಯುತ್ತದೆ ಎಂದು ಕೇಳಲಿ. ನಾಳೆ ಆ ಮಕ್ಕಳೇ ಕೊಳ್ಳುವವರು, ಅವರೇ ಸಂಸ್ಥೆಗಳನ್ನು ನಡೆಸುವವರು, ಕಾನೂನನ್ನು ತಿದ್ದುವವರೂ ಅವರೇ.