ಶುಶ್ರೂಷೆ ಎಂದರೆ ಕೇಳಿಸಿಕೊಳ್ಳುವುದು
(ಶಾಲೆಯ ಶತಮಾನೋತ್ಸವ ಸಮಾರಂಭದಲ್ಲಿ ನೀಡಿದ ಉಪನ್ಯಾಸ)



ಗಡಿನಾಡಿನಲ್ಲಿ ನೂರು ವರ್ಷ ಕನ್ನಡದ ಅಕ್ಷರ ಕಲಿಸಿದ ಈ ವಿದ್ಯಾಲಯಕ್ಕೆ ನನ್ನ ವಂದನೆಗಳು. ಶುಶ್ರೂಷಾ ವೃತ್ತಿಯನ್ನು ಕುರಿತು ಮಾತನಾಡಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. 'ಶುಶ್ರೂಷೆ' ಎಂಬ ಪದದ ಮೂಲಾರ್ಥ 'ಕೇಳುವ ಇಚ್ಛೆ'. ಸೇವೆ ಎಂಬ ಅರ್ಥ ಅದರಿಂದಲೇ ಬೆಳೆದುದು. ನಮ್ಮ ವೃತ್ತಿಯ ಸಾರವೆಲ್ಲ ಆ ಒಂದು ಪದದಲ್ಲಿ ಅಡಗಿದೆ.

ರೋಗಿಯ ಪರೀಕ್ಷೆ ಆರಂಭವಾಗುವುದು ಉಪಕರಣದಿಂದಲ್ಲ, ಪ್ರಶ್ನೆಯಿಂದ. ನಮ್ಮ ಇಚಲಕರಂಜಿಯನ್ನೇ ನೋಡಿ. 1904ರಲ್ಲಿ ವಿಠ್ಠಲರಾವ್ ದಾತಾರರು ಅಲ್ಲಿ ಮೊದಲ ವಿದ್ಯುತ್ ಮಗ್ಗವನ್ನು ಸ್ಥಾಪಿಸಿದರು. ಆ ಮಗ್ಗಗಳು ಸಾವಿರಾರು ಮನೆಗಳಿಗೆ ಅನ್ನವಿತ್ತಿವೆ. ಆದರೆ ಹತ್ತಿಯ ಧೂಳನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ 'ಬಿಸಿನೋಸಿಸ್' ಎಂಬ ಶ್ವಾಸಕೋಶದ ಕಾಯಿಲೆ ಬರಬಹುದು. ಮೊದಮೊದಲು ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ದಿನ ಮಾತ್ರ ಎದೆ ಬಿಗಿಯುತ್ತದೆ. ಮುಂದಿನ ದಿನಗಳಲ್ಲಿ ಸಡಿಲಗೊಳ್ಳುತ್ತದೆ. ಈ ಸುಳಿವು ಎಕ್ಸ್‌ರೇಯಲ್ಲಿ ಕಾಣದು. 'ಯಾವ ದಿನ ಹೆಚ್ಚು?' ಎಂದು ಕೇಳಿದವರಿಗಷ್ಟೇ ಸಿಕ್ಕೀತು. ಗಡಹಿಂಗ್ಲಜದ ಕಡೆಗೆ ಬಂದರೆ ಕಬ್ಬಿನ ಸೀಮೆ. ಬೂಸು ಹಿಡಿದ ಕಬ್ಬಿನ ಸಿಪ್ಪೆಯ ಧೂಳಿನಿಂದಲೂ ಜ್ವರ, ಕೆಮ್ಮು, ಏದುಸಿರು ಬರುವುದುಂಟು. ಈ ಎರಡೂ ಕಾಯಿಲೆಗಳನ್ನು ಕಾರ್ಮಿಕರ ಪರಿಹಾರದ ಕಾನೂನು ವೃತ್ತಿಜನ್ಯ ರೋಗಗಳೆಂದು ಗುರುತಿಸಿದೆ. ರೋಗಿಯ ಉದ್ಯೋಗವನ್ನು ದಾದಿ ಕೇಳಿ ಬರೆದಿಡದಿದ್ದರೆ ಆ ಹಕ್ಕಿಗೆ ಆಧಾರವೇ ದುರ್ಬಲವಾಗುತ್ತದೆ.

ಪ್ರಶ್ನೆಯ ಬಳಿಕ ಕಣ್ಣಿನ ಕೆಲಸ. ಉಸಿರನ್ನು ಎಣಿಸುತ್ತೇವೆಂದು ತಿಳಿದರೆ ರೋಗಿಯ ಉಸಿರಿನ ಗತಿಯೇ ಬದಲಾಗುತ್ತದೆ. ಆದ್ದರಿಂದ ನಾಡಿ ಹಿಡಿದಂತೆಯೇ ಇದ್ದು, ಎದೆಯ ಏರಿಳಿತವನ್ನು ಪೂರ್ಣ ಒಂದು ನಿಮಿಷ ಎಣಿಸಬೇಕು. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಅದು 12ರಿಂದ 20. ತಾಯಂದಿರು ಇದನ್ನು ನೆನಪಿಡಬೇಕು: ಕೆಮ್ಮು ಬಂದ ಮಗುವಿಗೆ 2 ತಿಂಗಳಿನಿಂದ 1 ವರ್ಷದೊಳಗೆ ನಿಮಿಷಕ್ಕೆ 50, 1ರಿಂದ 5 ವರ್ಷದೊಳಗೆ 40 ಅಥವಾ ಅದಕ್ಕೂ ಹೆಚ್ಚು ಉಸಿರು ಕಂಡರೆ, ಇಲ್ಲವೇ ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಅನಂತರ ಕೈಯಿಂದ ಮುಟ್ಟಿ, ಬೆರಳಿನಿಂದ ತಟ್ಟಿ, ಕೊನೆಗೆ ಸ್ಟೆತಾಸ್ಕೋಪಿನಿಂದ ಆಲಿಸಬೇಕು. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್, ತರುಣಿಯೊಬ್ಬಳ ಎದೆಗೆ ನೇರವಾಗಿ ಕಿವಿಯಿಡಲು ಸಂಕೋಚಪಟ್ಟು ಕಾಗದವನ್ನು ಸುರುಳಿ ಸುತ್ತಿ ಆಲಿಸಿದನು. ಅದೇ ಸ್ಟೆತಾಸ್ಕೋಪಿನ ಹುಟ್ಟು. ರೋಗಿಯ ಮಾನವನ್ನು ಕಾಯಬೇಕೆಂಬ ಸಂಕೋಚವೇ ಈ ಉಪಕರಣವನ್ನು ಹಡೆಯಿತು. ಇಂದಿಗೂ ಮುಟ್ಟುವ ಮೊದಲು ಅನುಮತಿ ಕೇಳುವುದು, ಪರದೆ ಎಳೆಯುವುದು, ಅಗತ್ಯವಿದ್ದಷ್ಟೇ ಸೆರಗು ಸರಿಸುವುದು ಪರೀಕ್ಷೆಯ ಭಾಗಗಳೇ ಹೊರತು ಬರಿಯ ಉಪಚಾರವಲ್ಲ.

ಗುಟ್ಟು ಕಾಯುವುದು ಇನ್ನೊಂದು ಧರ್ಮ. ಎರಡು ವಾರಕ್ಕೂ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಕ್ಷಯವೆಂದು ತಿಳಿದರೆ ಸರಕಾರಕ್ಕೆ ವರದಿ ಮಾಡುವುದು 2012ರಿಂದ ಕಡ್ಡಾಯ. ಆದರೆ ಆ ವರದಿ ನೆರೆಮನೆಗಲ್ಲ, ಊರಕಟ್ಟೆಗಲ್ಲ. ಸುದ್ದಿ ಹಬ್ಬೀತೆಂಬ ಅಂಜಿಕೆಯಿಂದ ಗುಣವಾಗಬಲ್ಲ ರೋಗವನ್ನು ಮುಚ್ಚಿಟ್ಟುಕೊಂಡವರು ಪ್ರಾಣವನ್ನೇ ತೆರಬೇಕಾಗುತ್ತದೆ.

ಇನ್ನು ಭಾಷೆಯ ಮಾತು. ಗಡಹಿಂಗ್ಲಜದ ಹಳ್ಳಿಯ ಅಜ್ಜಿ ಕೊಲ್ಹಾಪುರದ ದೊಡ್ಡ ಆಸ್ಪತ್ರೆಯಲ್ಲಿ 'ದಮ್ಮ ಹತ್ತತೈತಿ' ಎನ್ನುವುದಕ್ಕೂ 'ಎದಿ ಬಿಗದಂಗ ಆಗತೈತಿ' ಎನ್ನುವುದಕ್ಕೂ ವ್ಯತ್ಯಾಸವಿದೆ. ಮರಾಠಿಗೆ ತರುವಾಗ ಎರಡೂ ಒಂದೇ ಆದರೆ ರೋಗದ ಜಾಡು ತಪ್ಪೀತು. ಮೊಮ್ಮಗನನ್ನು ನಡುವೆ ನಿಲ್ಲಿಸಿ ಮಾತು ತಿಳಿದರೆ, ಅವನೆದುರು ಹೇಳಲಾಗದ್ದನ್ನು ಅಜ್ಜಿ ನುಂಗಿಕೊಳ್ಳುತ್ತಾಳೆ. ಕನ್ನಡ, ಮರಾಠಿ ಎರಡನ್ನೂ ಬಲ್ಲ ದಾದಿ ಅಲ್ಲಿದ್ದರೆ ಅರ್ಧ ರೋಗನಿದಾನ ಅಲ್ಲಿಯೇ ಆದಂತೆ.

ಕನ್ನಡ ಶಾಲೆಗೆ ಕಳಿಸಿದರೆ ಮಕ್ಕಳ ಮುಂದಿನ ಗತಿಯೇನೆಂದು ಪಾಲಕರು ಚಿಂತಿಸುವುದು ಸಹಜ. ಇಂಗ್ಲಿಷ್, ಮರಾಠಿ ಅವಶ್ಯವಾಗಿ ಕಲಿಯಲಿ. ವೈದ್ಯಕೀಯ ಗ್ರಂಥಗಳಿಗೆ ಅವು ಬೇಕೇಬೇಕು. ಆದರೆ ನೋವಿನಲ್ಲಿರುವ ಮನುಷ್ಯ ಮಾತನಾಡುವುದು ತಾಯ್ನುಡಿಯಲ್ಲಿ. ಅದನ್ನು ಕೇಳಬಲ್ಲ ಕಿವಿಗಳನ್ನು ಈ ಶಾಲೆ ಇನ್ನೂ ನೂರು ವರ್ಷ ಸಿದ್ಧಗೊಳಿಸಲೆಂದು ಹಾರೈಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.